ಭುಜ ಮುಟ್ಟಲು ಎಷ್ಟು ತಿಂಗಳು?

ಪ್ರಶ್ನೆ: ನನಗೆ 24 ವರ್ಷ. ಉದ್ದ ಕೂದಲು ಬಿಡೋಣ ಎಂದು ಒಂಬತ್ತು ತಿಂಗಳಿಂದ ಕತ್ತರಿ ಮುಟ್ಟಿಸಿಲ್ಲ. ಈಗಷ್ಟೇ ಕಿವಿ ಮುಚ್ಚಿದೆ. ಕತ್ತಿನ ಹಿಂದೆ ಮಾತ್ರ ಬಾಲದ ಹಾಗೆ ಇಳಿದಿದೆ. ಆರು ತಿಂಗಳಿಗೆ ಭುಜ ಮುಟ್ಟುತ್ತದೆ ಎಂದಿದ್ದ ಗೆಳೆಯ. ಗಂಡಸರ ಕೂದಲು ಅಷ್ಟು ಬೆಳೆಯಲ್ಲ, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಾ, ಆಮೇಲೆ ದಟ್ಟವಾಗಿ ಬರುತ್ತದೆ ಎನ್ನುತ್ತಾರೆ ಅಮ್ಮ. ಏನು ಮಾಡಲಿ?
– ಓದುಗ, ದಾವಣಗೆರೆ

ಉತ್ತರ: ಕೂದಲು ಬಿಡಿ ಎಂದು ಸಲೂನಿನವನೇ ಹೇಳಿದರೆ ಗಲ್ಲಾಪೆಟ್ಟಿಗೆ ಗತಿ ಏನು? ಇರಲಿ, ಹೇಳುತ್ತೇನೆ.

ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಅರ್ಧ ಇಂಚು. ವರ್ಷಕ್ಕೆ ಆರು. ಗಂಡಿಗೂ ಹೆಣ್ಣಿಗೂ ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿಮ್ಮ ಅಕ್ಕತಂಗಿಯರ ಜಡೆ ಹಿಂದೆ ಎಷ್ಟೋ ವರ್ಷಗಳಿವೆ. ನಮ್ಮದು ಬೆಳೆದ ಅರ್ಧ ಇಂಚನ್ನು ತಿಂಗಳು ತಿಂಗಳು ನಾನೇ ಕತ್ತರಿಸಿ, ಸಂಜೆ ಗುಡಿಸಿ ಹಾಕುತ್ತೇನೆ. ಮತ್ತೆ ಉದ್ದ ಎಲ್ಲಿಂದ ಬರಬೇಕು?

2020ರ ಲಾಕ್‌ಡೌನ್‌ನಲ್ಲಿ ಹೆಚ್ಚುಕಮ್ಮಿ ಎರಡು ತಿಂಗಳು ಅಂಗಡಿ ಬಾಗಿಲು ಹಾಕಿದ್ದೆ. ತೆರೆದ ದಿನ ಬಂದವರೆಲ್ಲ 'ಕಾಡು ಬೆಳೆದುಬಿಟ್ಟಿದೆ ಮಾರಾಯ' ಎನ್ನುವವರೇ. ಬಾಚಣಿಗೆ ಇಟ್ಟು ನೋಡಿದರೆ ಒಂದೇ ಇಂಚು ಜಾಸ್ತಿ! ನನ್ನ ಮಗ ಮಾತ್ರ ಆಮೇಲೂ ಕುರ್ಚಿ ಹತ್ತಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಜುಟ್ಟು ಕಟ್ಟಲು ಅವನಿಗೆ ಒಂದೂವರೆ ವರ್ಷ ಬೇಕಾಯಿತು. ನೆತ್ತಿಯ ಕೂದಲು ಭುಜ ಮುಟ್ಟಿದ್ದು 2022ರ ದೀಪಾವಳಿ ಹೊತ್ತಿಗೆ. ನೆತ್ತಿಯಿಂದ ಭುಜಕ್ಕೆ ಒಂದು ಅಡಿಗಿಂತ ಜಾಸ್ತಿ ದೂರ ಇದೆ, ಲೆಕ್ಕ ಹಾಕಿ. ಗುಂಗುರು ಕೂದಲಾದರೆ ಸುರುಳಿಯಲ್ಲೇ ಉದ್ದ ಅಡಗಿಬಿಡುತ್ತದೆ, ಇನ್ನೂ ತಡ.

ಬೋಳಿಸಿದರೆ ದಟ್ಟ ಎನ್ನುವುದು ಸುಳ್ಳು. ಕೂದಲು ಹುಟ್ಟುವುದು ಚರ್ಮದ ಒಳಗೆ, ನನ್ನ ಕತ್ತಿ ಅಲ್ಲಿಗೆ ಇಳಿಯಲ್ಲ. ತಾನಾಗಿ ಬೆಳೆದ ಕೂದಲ ತುದಿ ಚೂಪು, ಕತ್ತರಿಸಿದ್ದು ಮೊಂಡು. ಅದಕ್ಕೇ ಕೈಗೆ ಒರಟು ಅನ್ನಿಸುತ್ತದೆ ಅಷ್ಟೆ. ಹರಕೆ ಇದ್ದರೆ ಮುಡಿ ಕೊಡಿ, ಬೇಡ ಅನ್ನಲ್ಲ. ಆದರೆ ನಿಮ್ಮ ಒಂಬತ್ತು ತಿಂಗಳು ಮತ್ತೆ ಸೊನ್ನೆಯಿಂದ ಶುರು, ಅಮ್ಮನಿಗೆ ಹೇಳಿಬಿಡಿ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ಉದ್ದ ಇದ್ದಾಗ ಬಾಚಣಿಗೆಯಲ್ಲಿ ಎದ್ದು ಕಾಣುತ್ತದೆ, ಹೆದರಬೇಡಿ. ಜೋರು ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ಹಿಡಿ ಹಿಡಿಯಾಗಿ ಉದುರುವುದೂ ಉಂಟು. ಅದು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದರೆ ಹಣೆ ಮೂಲೆ ಹಿಂದೆ ಸರಿಯುತ್ತಿದ್ದರೆ, ನೆತ್ತಿ ತೆಳುವಾಗುತ್ತಿದ್ದರೆ ಎಣ್ಣೆ ಬದಲಿಸುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಆ ಬಾಲದ ವಿಷಯ. ಹಿಂದಲೆಯ ಕೂದಲಿಗೆ ಭುಜ ಹತ್ತಿರ, ಅದಕ್ಕೇ ಅದು ಮೊದಲು ಇಳಿಯುತ್ತದೆ. ಬಹಳ ಜನ ಈ ಹಂತದಲ್ಲೇ ಕನ್ನಡಿ ನೋಡಿ ಬೇಜಾರಾಗಿ ನನ್ನ ಕುರ್ಚಿಗೆ ಬಂದು ಕೂರುತ್ತಾರೆ. ನೀವೂ ಒಮ್ಮೆ ಹೋಗಿ, ಆದರೆ ಕೂರುವ ಮೊದಲೇ ಹೇಳಿ: 'ಹಿಂದಿನ ಬಾಲ ಅಷ್ಟೇ ತೆಗೀರಿ, ನೆತ್ತಿ ಮುಟ್ಟಬೇಡಿ.' ಎರಡು ಸಲ ಹೇಳಿ. ನಮ್ಮ ಕೈ ಸುಮ್ನೆ ಇರಲ್ಲ.