ನಾಲ್ಕು ಸಲ ಓದಿದ್ದು ಎಲ್ಲಿ ಹೋಯಿತು?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ಬಾಗಲಕೋಟೆ ನವನಗರದವಳು, ಬಿ.ಎ. ಮೊದಲ ವರ್ಷ. ಸೈಕಾಲಜಿ ನೋಟ್ಸ್ ನಾಲ್ಕು ಸಲ ಓದಿದೆ. ಓದುವಾಗ ಎಲ್ಲಾ ತಿಳಿದ ಹಾಗೇ ಇರುತ್ತದೆ. ಯಾರಾದರೂ ಪ್ರಶ್ನೆ ಕೇಳಿದರೆ ಪಾವ್ಲೋವ್, ಸ್ಕಿನ್ನರ್ ಎಲ್ಲರೂ ಕಲಸಿಹೋಗುತ್ತಾರೆ. ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ತಾನೆ? ಐದನೇ ಸಲ ಓದಲೋ, ಈ ವಿಷಯ ನನಗಲ್ಲ ಎಂದು ಬಿಡಲೋ?"

ಉತ್ತರ:

ತಂಗಿ, ಬಿಡಬೇಡಿ. ಐದನೇ ಸಲ ಓದಲೂ ಬೇಡಿ.

ನಿಮ್ಮ "ನಾಲ್ಕು ಸಲ" ನೋಡಿ ನನಗೆ ನಗು ಬಂತು, ತಪ್ಪು ತಿಳಿಯಬೇಡಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಕಾಲೇಜು ಹುಡುಗರ ಮೇಲೆ ಇದನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತು ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ಎಲ್ಲಾ ಉಲ್ಟಾ: ಓದಿದವರಿಗೆ ನೆನಪಿದ್ದದ್ದು ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು. ಮಜಾ ಏನೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇದ್ದದ್ದು ನಾಲ್ಕು ಸಲ ಓದಿದವರಿಗೇ. ಪುಟದ ಪರಿಚಯವನ್ನೇ ನಾವು ತಿಳಿವಳಿಕೆ ಅಂದುಕೊಳ್ಳುತ್ತೇವೆ. ದಿನಾ ಎದುರಾಗುವ ಮುಖ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ, ಅಲ್ವಾ?

ಈಗ ನಿಮ್ಮ ಪ್ರಶ್ನೆ. ಅಲ್ಲ, ಋಣಾತ್ಮಕ ಪುನರ್ಬಲನ ಶಿಕ್ಷೆ ಅಲ್ಲ. ನಾನೂ ಕಾಲೇಜಿನಲ್ಲಿ ಹಾಗೇ ಬರೆದು ಅಂಕ ಕಳೆದುಕೊಂಡವನು. ತಪ್ಪು ಅರ್ಧ ಆ ಹೆಸರಿನದು. ನಮಗೆ ಋಣ ಅಂದರೆ ಸಾಲ, ಹಾಗಾಗಿ ಕೇಳಿದ ಕೂಡಲೇ ಏನೋ ಕೆಟ್ಟದ್ದು ಅನ್ನಿಸುತ್ತದೆ. ಇಲ್ಲಿ ಅದು ಬರೀ ಲೆಕ್ಕದ ಮೈನಸ್ ಗುರುತು. ಏನನ್ನೋ ಕಳೆಯುವುದು, ಅಷ್ಟೇ. ಪುನರ್ಬಲನ ಎಂದರೆ ಆ ನಡತೆ ಮುಂದೆ ಹೆಚ್ಚಾಗಬೇಕು. ಶಿಕ್ಷೆಯಲ್ಲಿ ನಡತೆ ಕಡಿಮೆಯಾಗಬೇಕು.

ವಿಜಯಪುರದ ಬಸ್ ಹತ್ತಿ ಕೂತಿದ್ದೀರಿ ಅನ್ನಿ. ಮುಂದಿನ ಸೀಟಿನಲ್ಲಿ ಮಗು ಕಿರುಚುತ್ತಿದೆ. ತಾಯಿ ಸಾಕಾಗಿ ಮೊಬೈಲ್ ಕೊಡುತ್ತಾಳೆ. ಮಗು ಗಪ್‌ಚುಪ್. ಬಸ್ಸಿನವರೆಲ್ಲಾ ಉಸಿರು ಬಿಡುತ್ತಾರೆ. ಇಲ್ಲಿ ಪಾಠ ಕಲಿತವರು ಇಬ್ಬರು. ಅತ್ತರೆ ಮೊಬೈಲ್ ಸಿಗುತ್ತದೆ ಎಂದು ಮಗು ಕಲಿಯಿತು. ಸಿಕ್ಕಿದ್ದರಿಂದ ನಡತೆ ಹೆಚ್ಚಿತು, ಅದು ಧನಾತ್ಮಕ ಪುನರ್ಬಲನ. ಮೊಬೈಲ್ ಕೊಟ್ಟರೆ ಕಿರಿಕಿರಿ ನಿಲ್ಲುತ್ತದೆ ಎಂದು ತಾಯಿ ಕಲಿತಳು. ಕಿರಿಕಿರಿ ಹೋದದ್ದರಿಂದ ಅವಳು ಮುಂದಿನ ಸಲ ಇನ್ನೂ ಬೇಗ ಕೊಡುತ್ತಾಳೆ. ಇದೇ ನಿಮ್ಮ ಋಣಾತ್ಮಕ ಪುನರ್ಬಲನ. ಬಾದಾಮಿಗೆ ಹೋಗುವ ಇನ್ನೊಂದು ಬಸ್ಸಿನಲ್ಲಿ ಅಜ್ಜ ಅಳುವ ಮಗುವಿನ ಕೈಯಿಂದ ಮೊಬೈಲ್ ಕಸಿದು, ಅದರಿಂದ ಮಗು ಅಳುವುದನ್ನು ಕಡಿಮೆ ಮಾಡಿದರೆ, ಆಗ ಅದನ್ನು ಶಿಕ್ಷೆ ಅನ್ನಿ. ಮಗು ಇನ್ನೂ ಜೋರಾಗಿ ಅತ್ತರೆ ಅಜ್ಜನ ಸಿಟ್ಟು ಎಷ್ಟೇ ಇರಲಿ, ಸೈಕಾಲಜಿಯ ಲೆಕ್ಕದಲ್ಲಿ ಅದು ಶಿಕ್ಷೆಯೇ ಅಲ್ಲ. ಹೆಸರು ನಿರ್ಧಾರವಾಗುವುದು ಮಾಡಿದವರ ಉದ್ದೇಶದಿಂದಲ್ಲ, ಆಮೇಲೆ ನಡತೆ ಏನಾಯಿತು ಎಂಬುದರಿಂದ. ಇದೆಲ್ಲಾ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಕಡೆಯ ಮಾತು.

ಪಾವ್ಲೋವ್ ಬೇರೆ. ಅವರು ಜೀರ್ಣಕ್ರಿಯೆಯ ವಿಜ್ಞಾನಿ, 1904ರ ನೊಬೆಲ್ ಕೂಡ ಅದಕ್ಕೇ ಬಂದದ್ದು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನಿಮಗೆ ಬಾಯಲ್ಲಿ ನೀರು ಬರುತ್ತದಲ್ಲ, ಅದು ಪಾವ್ಲೋವ್. ನೀವು ಏನೂ ಮಾಡಲಿಲ್ಲ, ಸುಮ್ನೆ ಕೂತಿದ್ದೀರಿ. ಸಪ್ಪಳ ಊಟದ ಜೊತೆ ಅಂಟಿಕೊಂಡಿದೆ. ಸ್ಕಿನ್ನರ್‌ನಲ್ಲಿ ನೀವು ಏನಾದರೂ ಮಾಡಬೇಕು, ಅದಕ್ಕೆ ಫಲ ಸಿಗಬೇಕು.

ನೆನಪಿನ ಅಧ್ಯಾಯಕ್ಕೆ ಬೇರೆ ಉದಾಹರಣೆ ಹುಡುಕಬೇಡಿ, ನಿಮ್ಮ ಊರೇ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಹೋದ ಓಣಿಯ ಬಗ್ಗೆ ಮನೆಯ ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ. ಒಬ್ಬರಿಗೆ ಬೇವಿನ ಮರ ಬಾಗಿಲ ಎದುರಿಗೆ ಇರುತ್ತದೆ, ಇನ್ನೊಬ್ಬರಿಗೆ ಹಿತ್ತಲಲ್ಲಿ. ಇಬ್ಬರೂ ಆಣೆ ಮಾಡಿ ಹೇಳುತ್ತಾರೆ, ಇಬ್ಬರೂ ಸುಳ್ಳರಲ್ಲ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ತೆಗೆದಾಗಲೆಲ್ಲಾ ಹೊಸದಾಗಿ ಕಟ್ಟುವ ಗೋಡೆ. ಕೇಳುವವರ ಒಂದು ಶಬ್ದವೂ ಅದರಲ್ಲಿ ಸೇರಿಬಿಡುತ್ತದೆ. ಲಾಫ್ಟಸ್ ಮತ್ತು ಪಾಮರ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಕಾರು ಅಪಘಾತದ ಕಿರುಚಿತ್ರ ತೋರಿಸಿ, ಕೆಲವರಿಗೆ "ತಾಗಿದಾಗ ವೇಗ ಎಷ್ಟಿತ್ತು" ಎಂದೂ ಕೆಲವರಿಗೆ "ಅಪ್ಪಳಿಸಿದಾಗ ವೇಗ ಎಷ್ಟಿತ್ತು" ಎಂದೂ ಕೇಳಿದರು. ಒಂದು ವಾರದ ಮೇಲೆ, ಚಿತ್ರದಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ಕಂಡೆವು ಎಂದವರು "ತಾಗಿದಾಗ" ಗುಂಪಿನ 50 ಜನರಲ್ಲಿ 7, "ಅಪ್ಪಳಿಸಿದಾಗ" ಗುಂಪಿನ 50ರಲ್ಲಿ 16.

ಮರೆವಿನ ಬಗ್ಗೆ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹಾಸ್ 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡಿ ಬರೆದಿದ್ದಾರೆ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಸೋರಿಹೋಗುತ್ತದೆ. ಹಾಗಾಗಿ ಇವತ್ತು ರಾತ್ರಿ ಒಂದು ಸಲ, ನಾಳೆ, ಮತ್ತೆ ನಾಲ್ಕು ದಿನ ಬಿಟ್ಟು ಖಾಲಿ ಹಾಳೆಯ ಮೇಲೆ ಬರೆಯಿರಿ. ತಪ್ಪಾದದ್ದನ್ನು ಮಾತ್ರ ನೋಟ್ಸ್ ತೆಗೆದು ನೋಡಿ.

ಇನ್ನೊಂದು ಪತ್ರ ಬರೆಯಿರಿ. ಈ ಉತ್ತರವನ್ನು ನೋಡದೆ, ಬಸ್ಸಿನ ಮಗುವನ್ನೂ ಬಿಟ್ಟು, ನಿಮ್ಮ ಮನೆಯದೇ ಒಂದು ಋಣಾತ್ಮಕ ಪುನರ್ಬಲನ ಕಳಿಸಿ. ನಾನೇ ತಿದ್ದುತ್ತೇನೆ.

– ಸಂ.