ಜಾಬ್ ತಣ್ಣಗಾಗುವವರೆಗೆ

ತಮ್ಮಾ,

‘ವಸಂತನರಸಾಪುರದಲ್ಲಿ ಐದು ವರ್ಷದಿಂದ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ, ನಡೆಸುತ್ತಿದ್ದೇನೆ, ಐಟಿಐ ಬಿಟ್ಟರೆ ಬೇರೆ ಓದಿಲ್ಲ, ಜರ್ಮನಿಯಲ್ಲಿ ಈಗ ಡಿಗ್ರಿ ಕೇಳುವುದಿಲ್ಲವಂತೆ, ಕೈಕೆಲಸ ನೋಡಿಯೇ ಸೇರಿಸಿಕೊಳ್ಳುತ್ತಾರಂತೆ, ನಿಜವೇ ಅಣ್ಣ?’ ಎಂದು ಕೇಳಿದ್ದೀಯ. ಅರ್ಧ ನಿಜ. ಉಳಿದರ್ಧವನ್ನು ಏಜೆಂಟ್ ಹೇಳಿರಲಾರ, ಹೇಳಿದರೆ ಅವನ ವ್ಯಾಪಾರ ನಡೆಯಬೇಕಲ್ಲ.

ಕಾನೂನು ಸಡಿಲವಾಗಿರುವುದು ಹೌದು. ನಮ್ಮ ಸರ್ಕಾರ ಮಾನ್ಯ ಮಾಡಿದ ಎರಡು ವರ್ಷದ ತರಬೇತಿ, ಅದರ ಮೇಲೆ ಎರಡು ವರ್ಷದ ಅನುಭವ ಇದ್ದವರು 2024ರ ಮಾರ್ಚ್‌ನಿಂದ ಇಲ್ಲಿನ ಜರ್ಮನ್ ಸರ್ಟಿಫಿಕೇಟಿಗೆ ಸಮ ಎಂಬ ಮುದ್ರೆ ಒತ್ತಿಸಿಕೊಳ್ಳದೆಯೂ ಕೆಲಸಕ್ಕೆ ಬರಬಹುದು. ನಿನ್ನ ಟರ್ನರ್ ಟ್ರೇಡ್ ಎರಡು ವರ್ಷದ್ದು, ಸರಿಹೋಯಿತು. ಸಂಬಳಕ್ಕೂ ಒಂದು ಕನಿಷ್ಠ ಮಿತಿ ಇಟ್ಟಿದ್ದಾರೆ. 2025ರಲ್ಲಿ ಅದು ವರ್ಷಕ್ಕೆ 43,470 ಯೂರೊ. ಕಾರ್ಮಿಕ ಸಂಘದ ಒಪ್ಪಂದಕ್ಕೆ ಒಳಪಟ್ಟ ಕಂಪನಿಯಾದರೆ ಮಾತು ಬೇರೆ. ನರ್ಸ್ ಕೆಲಸಕ್ಕೆ ಈ ರಿಯಾಯಿತಿ ಇಲ್ಲ, ನಿನ್ನ ತಂಗಿಗೆ ಹೇಳು.

ಇನ್ನು ಕೈಕೆಲಸ ನೋಡುವ ವಿಷಯ. 2014ರಲ್ಲಿ ನಿಮ್ಮ ಅತ್ತಿಗೆಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಸೂಟ್‌ಕೇಸ್ ಎತ್ತಿಕೊಂಡು ಬಂದೆ. ಮೊದಲೆರಡು ಕಾರ್ಖಾನೆಗಳು ನನ್ನನ್ನು ಒಳಗೇ ಬಿಡಲಿಲ್ಲ. ಮೂರನೆಯ ಕಡೆ ಮೈಸ್ಟರ್, ಅಂದರೆ ಶಾಪ್ ಫ್ಲೋರಿನ ಹಿರಿಯ, ನನ್ನ ಫೈಲ್ ಬಿಚ್ಚಲೂ ಇಲ್ಲ. ಲೇತಿನಿಂದ ಆಗತಾನೇ ಇಳಿದ ದಪ್ಪ ಶಾಫ್ಟೊಂದನ್ನು ಮುಂದಿಟ್ಟು, ಸೂಕ್ಷ್ಮವಾಗಿ ಅಳೆಯುವ ಮೈಕ್ರೊಮೀಟರ್ ಕೊಟ್ಟು, ಅಳೆ ಎಂದು ಸನ್ನೆ ಮಾಡಿದ. ಮುಟ್ಟಿದರೆ ಬೆಚ್ಚಗಿತ್ತು. ನಾನು ಕೈ ಕಟ್ಟಿಕೊಂಡು ನಿಂತೆ. ಅವನು ಹುಬ್ಬು ಹಾರಿಸಿದ. ನನಗೆ ಬರುತ್ತಿದ್ದ ನಾಲ್ಕಾರು ಜರ್ಮನ್ ಪದಗಳಲ್ಲಿ ಒಂದನ್ನು ಹೇಳಿದೆ: ‘ವಾರ್ಮ್.’

ನಿನಗೆ ವಿವರಿಸಬೇಕಿಲ್ಲ. ನೂರು ಮಿಲಿಮೀಟರ್ ವ್ಯಾಸದ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಡ್ರಾಯಿಂಗ್‌ನಲ್ಲಿದ್ದ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ, ಅಷ್ಟೇ. ಅಳತೆ ಎಂದರೆ 20 ಡಿಗ್ರಿಯಲ್ಲಿ ಹಿಡಿದ ಅಳತೆ. ಇದನ್ನು ನನಗೆ ಕಲಿಸಿದವರು ಅಂತರಸನಹಳ್ಳಿಯ ಸಣ್ಣ ವರ್ಕ್‌ಶಾಪಿನಲ್ಲಿದ್ದ ಒಬ್ಬ ಯಜಮಾನರು. ನಮ್ಮ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು ಬಂದಿದ್ದರು. ಬಿಸಿ ಜಾಬಿಗೆ, ಅಂದರೆ ಲೇತಿನಲ್ಲಿ ಕಡೆದ ತುಂಡಿಗೆ, ಮೈಕ್ರೊಮೀಟರ್ ಹಚ್ಚಿದರೆ ಸ್ಕೇಲಿನಿಂದ ಬೆರಳಿಗೆ ಬಾರಿಸುತ್ತಿದ್ದರು. 2016ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅವರ ಏಟಿನ ಫಲವನ್ನು ನಾನು ಈಗಲೂ ಇಲ್ಲಿ ಉಣ್ಣುತ್ತಿದ್ದೇನೆ.

ಹಾಗಾದರೆ ಮೊದಲಿನ ಎರಡು ಬಾಗಿಲು ಏಕೆ ತೆರೆಯಲಿಲ್ಲ? ನನ್ನ ಅನುಭವ ಪತ್ರದಿಂದ. ‘ಇಂಥ ದಿನದಿಂದ ಇಂಥ ದಿನದವರೆಗೆ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ, ನಡತೆ ಉತ್ತಮ’ ಎಂದು ಎರಡೇ ಸಾಲು. ಇಲ್ಲಿ ಕೆಲಸ ಬಿಡುವವರಿಗೆ ಮಾಲೀಕರು ಕೊಡುವ ಪತ್ರಕ್ಕೆ ತನ್ನದೇ ಗುಪ್ತಭಾಷೆ ಇದೆ. ಬರೀ ‘ತೃಪ್ತಿಕರ’ ಎಂದರೆ ಹೇಗೋ ಪಾಸಾದವನು ಎಂದರ್ಥ! ‘ಸದಾ, ಸಂಪೂರ್ಣ ತೃಪ್ತಿಕರ’ ಎಂದಿದ್ದರೆ ಮಾತ್ರ ಒಳ್ಳೆಯ ಕೆಲಸಗಾರ. ಡಿಗ್ರಿ ಬೇಡ ಎನ್ನುವವರೂ ಕಾಗದ ಬೇಡ ಎನ್ನುವುದಿಲ್ಲ. ಕೈ ತೋರಿಸುವ ಮೇಜಿನವರೆಗೆ ನಿನ್ನನ್ನು ಕರೆದೊಯ್ಯುವುದು ಆ ಕಾಗದವೇ.

ಆದ್ದರಿಂದ ಹೊರಡುವ ಮೊದಲು ನಿಮ್ಮ ಮಾಲೀಕರನ್ನು ಕ್ಯಾತಸಂದ್ರಕ್ಕೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ತಿನ್ನಿಸಿಯಾದರೂ ಸರಿ, ಒಂದು ಪುಟದ ಪತ್ರ ಬರೆಸಿಕೋ. ಯಾವ ಮಷಿನ್, ಯಾವ ಕಂಟ್ರೋಲರ್, ಯಾವ ಲೋಹ, ಎಷ್ಟು ಟಾಲರೆನ್ಸ್. ಎಲ್ಲಕ್ಕಿಂತ ಮುಖ್ಯವಾಗಿ, ಪ್ರೋಗ್ರಾಂ ನೀನೇ ಬರೆಯುತ್ತಿದ್ದೆಯೋ, ಸೆಟ್ಟಿಂಗ್ ಮಾಡಿ ಟೂಲಿನ ಸ್ಥಾನದ ಆಫ್‌ಸೆಟ್ ತಿದ್ದುತ್ತಿದ್ದೆಯೋ, ಅಥವಾ ಬೇರೆಯವರು ಸೆಟ್ ಮಾಡಿದ್ದಕ್ಕೆ ಬರೀ ಸೈಕಲ್ ಸ್ಟಾರ್ಟ್ ಗುಂಡಿ ಒತ್ತುತ್ತಿದ್ದೆಯೋ. ಇಲ್ಲದ್ದನ್ನು ಬರೆಸಬೇಡ. ಕೆಲಸ ಹುಡುಕಲು ಒಂದು ವರ್ಷಕ್ಕೆ ಕೊಡುವ ಚಾನ್ಸೆನ್‌ಕಾರ್ಟೆ ಎಂಬ ಪರವಾನಗಿಯಲ್ಲಿ ಬಂದರೆ ಕಂಪನಿಯವರು ಎರಡು ವಾರದವರೆಗೆ ನಿನ್ನಿಂದ ಕೆಲಸ ಮಾಡಿಸಿ ನೋಡಬಹುದು. ಸುಳ್ಳಿದ್ದರೆ ಮೊದಲ ಬೆಳಿಗ್ಗೆಯೇ ಹೊರಬೀಳುತ್ತದೆ.

ಕಾರಿನ ಬಿಡಿಭಾಗದ ಕಾರ್ಖಾನೆಗಳನ್ನೇ ನಂಬಬೇಡ. ಎಲೆಕ್ಟ್ರಿಕ್ ಕಾರಿಗೆ ಪಿಸ್ಟನ್ನೂ ಇಲ್ಲ, ಕ್ರ್ಯಾಂಕ್‌ಶಾಫ್ಟೂ ಇಲ್ಲ. ಸ್ಟುಟ್‌ಗಾರ್ಟ್ ಸುತ್ತ ಆಳುಗಳನ್ನು ಕಡಿಮೆ ಮಾಡುತ್ತಿದ್ದಾರೆ. ಟುಟ್ಲಿಂಗೆನ್ ಕಡೆ ನೋಡು, ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಹೆಸರಾದ ಊರು. ಜರ್ಮನ್ ಭಾಷೆಯನ್ನು ಬಿ1 ಎಂಬ ಮಧ್ಯಮ ಹಂತದವರೆಗಾದರೂ ಹೊರಡುವ ಮೊದಲೇ ಕಲಿತು ಬಾ. ನನ್ನ ಹಾಗೆ ಒಂದೇ ಪದದಲ್ಲಿ ಗೆಲ್ಲುವ ಅದೃಷ್ಟ ಎಲ್ಲರಿಗೂ ಬರುವುದಿಲ್ಲ.

ಚಳಿ, ಊಟ, ಒಂಟಿತನದ ಬಗ್ಗೆಯೂ ಕೇಳಿದ್ದೀಯ. ಅದೆಲ್ಲ ಆಮೇಲೆ. ಮೊದಲು ಪತ್ರದ ಕರಡನ್ನು ಸಹಿ ಬೀಳುವ ಮುಂಚೆ ನನಗೆ ಕಳಿಸು.