ಪಾಸ್ ಮಾರ್ಕ್ 33ಕ್ಕೆ ಇಳಿದರೆ ಮೆರಿಟ್ ಸ್ಕಾಲರ್‌ಶಿಪ್ ಕಟ್-ಆಫ್ ಕೂಡ ಇಳಿಯುತ್ತಾ?

ನೀವು ಕೇಳಿರುವುದು ಇಷ್ಟು. ಮಗಳು ಹಾಸನದಲ್ಲಿ ದ್ವಿತೀಯ ಪಿಯು ವಿಜ್ಞಾನ ಮುಗಿಸಿದ್ದಾಳೆ, 600ಕ್ಕೆ 541 ಬಂದಿದೆ. ಪಾಸ್ ಮಾರ್ಕ್ ಇಳಿಸಿದ್ದಾರೆ, ಇಂಟರ್ನಲ್ ಅಂಕ ಬೇರೆ ಸೇರುತ್ತಿದೆ. ಹೀಗಿರುವಾಗ ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್ ಅವಳಿಗೆ ಸಿಗುತ್ತಾ? ಹತ್ತನೇ ತರಗತಿಗೆ ಬಂದಿರುವ ಮಗನಿಗೆ ಸಿಗುತ್ತಿರುವ ಎನ್‌ಎಂಎಂಎಸ್ ಎಂಬ ಕೇಂದ್ರದ ಶಾಲಾ ಸ್ಕಾಲರ್‌ಶಿಪ್ ಹಣಕ್ಕೆ ತೊಂದರೆ ಆಗುತ್ತಾ?

ನಾನು ಹಾಸನದಲ್ಲೇ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗಳನ್ನು ಪರಿಶೀಲಿಸುವ ಕೆಲಸವೂ ನನ್ನದೇ. ಅರಕಲಗೂಡು, ಆಲೂರು, ಸಕಲೇಶಪುರದ ಕಡೆಯಿಂದ ಬರುವ ಹುಡುಗಿಯರಲ್ಲಿ ಎಷ್ಟೋ ಮಂದಿ ಅರ್ಜಿಯನ್ನೇ ಹಾಕಿರುವುದಿಲ್ಲ. ಯಾಕೆ ಅಂದರೆ, ‘ಕಟ್-ಆಫ್ ತುಂಬಾ ಜಾಸ್ತಿ ಅಂತೆ, ನಮಗೆ ಬರಲ್ಲ ಅಂದ್ರು’ ಎನ್ನುತ್ತಾರೆ. ಅಂದವರು ಯಾರು ಅಂತ ಕೇಳಿದರೆ ಉತ್ತರ ಇಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನೀವು ಹೇಳುತ್ತಿರುವುದು ಕಾಲೇಜು ವಿದ್ಯಾರ್ಥಿಗಳಿಗಾಗಿ ಇರುವ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್. ಡಿಗ್ರಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಇದರ ನಿಯಮದಲ್ಲಿ ‘ಇಷ್ಟು ಅಂಕ’ ಎಂಬ ಮಾತೇ ಇಲ್ಲ. ತಮ್ಮ ಬೋರ್ಡಿನಲ್ಲಿ, ತಮ್ಮ ವಿಭಾಗದಲ್ಲಿ, ಪಾಸಾದವರ ಪೈಕಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಷ್ಟೇ. ಅಂದರೆ ಪಾಸಾದ ಪ್ರತಿ ಐದು ಜನರಲ್ಲಿ ಮೇಲಿನ ಒಬ್ಬರು. ಇದು ಶೇಕಡ 80 ಅಂಕ ಅಲ್ಲ. ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬಾ ಜನ.

‘ಪಾಸಾದವರ ಪೈಕಿ’ ಎಂಬ ಮಾತನ್ನು ಗಮನಿಸಿ. ಪಾಸ್ ಮಾರ್ಕ್ ಬದಲಾದಾಗ ಪೆಟ್ಟು ಬೀಳುವುದು ಅಲ್ಲಿಗೇ. ಒಂದು ಲೆಕ್ಕಕ್ಕೆ, ಸಾವಿರ ಮಕ್ಕಳು ಪರೀಕ್ಷೆ ಬರೆದರು ಅಂದುಕೊಳ್ಳೋಣ. ಹಳೇ ನಿಯಮದಲ್ಲಿ 600 ಮಂದಿ ಪಾಸ್. ಅವರಲ್ಲಿ ಮೇಲಿನ ಐದನೇ ಒಂದು ಪಾಲು ಅಂದರೆ 120 ಮಂದಿ ಅರ್ಹರು. ಈಗ ಒಟ್ಟು 600ಕ್ಕೆ 198, ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದರೆ ಸಾಕು. ಹಾಗಾಗಿ 650 ಮಂದಿ ಪಾಸಾದರು ಅನ್ನಿ. ಅರ್ಹರ ಸಂಖ್ಯೆ 130 ಆಯಿತು. ಮೇಲಿನವರ ಅಂಕ ಒಂದೂ ಬದಲಾಗಿಲ್ಲ. ಆದರೂ ಹಿಂದೆ ಗೆರೆಯ ಹೊರಗಿದ್ದ ಹತ್ತು ಮಕ್ಕಳು ಒಳಗೆ ಬಂದರು. ಹಾಗಾಗಿ ಕಟ್-ಆಫ್ ಸ್ವಲ್ಪ ಇಳಿಯುತ್ತಾ ಅಂತ ಕೇಳಿದರೆ, ಅರ್ಹತೆಯ ಮಟ್ಟಿಗೆ ಹೌದು, ಆ ಕಡೆಗೇ ಎಳೆಯುತ್ತದೆ.

ಆದರೆ ಅರ್ಹತೆ ಬೇರೆ, ಹಣ ಕೈಗೆ ಬರುವುದು ಬೇರೆ. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್ ಮಾತ್ರ. 18ರಿಂದ 25 ವಯಸ್ಸಿನವರ ಜನಸಂಖ್ಯೆ ನೋಡಿ ರಾಜ್ಯಗಳಿಗೆ ಹಂಚುತ್ತಾರೆ. ವಿಜ್ಞಾನ, ವಾಣಿಜ್ಯ, ಕಲೆಗೆ 3:2:1 ಲೆಕ್ಕ. ಅರ್ಧ ಪಾಲು ಹೆಣ್ಣುಮಕ್ಕಳಿಗೆ. ಕರ್ನಾಟಕದಲ್ಲಿ ಪಾಸ್ ಮಾರ್ಕ್ ಇಳಿದ ಮಾತ್ರಕ್ಕೆ ಈ ಸಂಖ್ಯೆ ಬೆಳೆಯುವುದಿಲ್ಲ. ಬಂದ ಅರ್ಜಿಗಳಲ್ಲಿ ಮೇಲಿನಿಂದ ತುಂಬಿಕೊಂಡು ಬರುತ್ತಾರೆ. ಗೆರೆಯ ಅಂಚಿನಲ್ಲಿ ಹೊಸದಾಗಿ ಸೇರಿದವರಿಂದ ನಿಮ್ಮ ಮಗಳ ಸ್ಥಾನಕ್ಕೆ ಏನೂ ಆಗುವುದಿಲ್ಲ.

ಇಂಟರ್ನಲ್ ಅಂಕದ್ದು ಇನ್ನೊಂದು ಕಥೆ. ವಿಜ್ಞಾನದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಮೊದಲಿನಿಂದಲೂ 70ಕ್ಕೆ ಥಿಯರಿ, 30ಕ್ಕೆ ಪ್ರಾಕ್ಟಿಕಲ್ ಇತ್ತು. 2024ರ ಪರೀಕ್ಷೆಯಿಂದ ಭಾಷೆಗಳಿಗೂ ಗಣಿತಕ್ಕೂ 80ಕ್ಕೆ ಥಿಯರಿ, 20ಕ್ಕೆ ಇಂಟರ್ನಲ್ ಬಂತು. ಆ 20ರಲ್ಲಿ ಕಾಲೇಜಿನವರು ಕೈ ಬಿಗಿ ಮಾಡುವುದು ಕಡಿಮೆ. ಎಲ್ಲರ ಒಟ್ಟು ಅಂಕವೂ ಮೇಲೇರುತ್ತದೆ. ಎಲ್ಲರೂ ಒಟ್ಟಿಗೆ ಏರಿದರೆ ಯಾರ ಸ್ಥಾನವೂ ಬದಲಾಗುವುದಿಲ್ಲ, ಅಲ್ವಾ? ಬದಲಾಗುವುದು ಕಟ್-ಆಫ್ ಅಂಕ. ಹಾಗಾಗಿ ಅಕ್ಕನ ಮಗ 2022ರಲ್ಲಿ ಎಷ್ಟು ತೆಗೆದಿದ್ದ, ಅವನಿಗೆ ಬಂತಾ ಬರಲಿಲ್ಲವಾ ಅಂತ ನೋಡಿ ನಿಮ್ಮ 541ನ್ನು ಅಳೆಯಬೇಡಿ.

2021ನ್ನು ನೆನಪಿಸಿಕೊಳ್ಳಿ. ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯು ಅಂಕ ಸೇರಿಸಿ ಫಲಿತಾಂಶ ಕೊಟ್ಟರು. ಎಲ್ಲರೂ ಪಾಸ್. 600ಕ್ಕೆ 600 ಬಂದವರೇ 2,239 ಮಂದಿ. ಮರುವರ್ಷ ಅದೇ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಹೇಗೆ ಹಿಡಿಯಬೇಕು ಎಂಬ ಜಗಳ ಹೈಕೋರ್ಟಿಗೆ ಹೋಯಿತು. ಎರಡು ಬೇರೆ ವರ್ಷದ ಅಂಕಗಳನ್ನು ಪಕ್ಕಪಕ್ಕ ಇಟ್ಟರೆ ಹೀಗೇ ಆಗುವುದು. ಪರ್ಸೆಂಟೈಲ್ ಲೆಕ್ಕದಲ್ಲಿ ಆಯಾ ವರ್ಷದವರನ್ನು ಅವರವರ ನಡುವೆಯೇ ನೋಡುತ್ತಾರೆ. ಹಳ್ಳಿ ಮಕ್ಕಳ ದೃಷ್ಟಿಯಿಂದ ಇದೇ ನ್ಯಾಯವಾದ ದಾರಿ ಅಂತ ನನ್ನ ಅಭಿಪ್ರಾಯ. ಸಿಬಿಎಸ್‌ಇ ಮಕ್ಕಳ ಲೆಕ್ಕವೂ ಬೇರೆ, ಅವರ ಜೊತೆ ಹೋಲಿಸಿಕೊಂಡು ಚಿಂತೆ ಮಾಡಬೇಡಿ.

ವಿಜ್ಞಾನ ಓದುವವರಿಗಾಗಿ ಕೇಂದ್ರ ಕೊಡುವ ಇನ್ಸ್‌ಪೈರ್ ಸ್ಕಾಲರ್‌ಶಿಪ್‌ಗೂ ಇದೇ ಥರದ ಲೆಕ್ಕ. ಆದರೆ ಅಲ್ಲಿ ಬೋರ್ಡಿನ ಮೇಲಿನ ಶೇಕಡ 1ರೊಳಗೆ ಇರಬೇಕು, ಮೂಲ ವಿಜ್ಞಾನ ಓದಬೇಕು. ವರ್ಷಕ್ಕೆ 80,000 ರೂಪಾಯಿ. ಎಂಜಿನಿಯರಿಂಗ್‌ಗೆ ಇಲ್ಲ. ಕಾರೆಕೆರೆಯ ಕೃಷಿ ಕಾಲೇಜಿಗೆ ಸೇರುವವರೂ ಕೇಳುತ್ತಾರೆ, ಕೃಷಿಗೂ ಇಲ್ಲ.

ಈಗ ಮಗನ ವಿಷಯ. ನನಗೆ ನಿಜವಾಗಿ ಆತಂಕ ಇರುವುದು ಇಲ್ಲೇ. ಎನ್‌ಎಂಎಂಎಸ್‌ನಲ್ಲಿ ಎಂಟನೇ ತರಗತಿಯಲ್ಲಿ ಅದರದ್ದೇ ಪರೀಕ್ಷೆ ಬರೆದು ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯು ಮುಗಿಯುವವರೆಗೆ ವರ್ಷಕ್ಕೆ 12,000 ಬರುತ್ತದೆ. ಆದರೆ ಪಿಯುನಲ್ಲೂ ಮುಂದುವರಿಯಬೇಕಾದರೆ ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡ 60 ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ 55. ಇಲ್ಲಿ ಪರ್ಸೆಂಟೈಲ್ ಇಲ್ಲ. 625ಕ್ಕೆ 375, ಅದು ಅಲುಗಾಡದ ಗೆರೆ. ಪೇಪರ್ ಕಷ್ಟ ಬಂದರೂ ಅಷ್ಟೇ, ಸುಲಭ ಬಂದರೂ ಅಷ್ಟೇ.

2024ರಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವುದು, ಶುರುವಾದಾಗ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಿತ್ತು. ಕೃಪಾಂಕ ಹೆಚ್ಚಿಸಿದರೂ 73.40 ಶೇಕಡ ಬಂತು. 2025ರಲ್ಲಿ ಆ ಕೃಪಾಂಕವೂ ಇಲ್ಲದೆ ಮೊದಲ ಪರೀಕ್ಷೆಯಲ್ಲಿ 62.34 ಶೇಕಡ. ಆಮೇಲೆ 625ಕ್ಕೆ 206 ಬಂದರೆ ಪಾಸ್ ಅಂತ ಮಾಡಿದರು. ಪಾಸಾಗುವವರಿಗೆ ಇದು ದೊಡ್ಡ ಆಸರೆ, ನಾನು ಬೇಡ ಅನ್ನುವುದಿಲ್ಲ. ಆದರೆ ಎನ್‌ಎಂಎಂಎಸ್ ಮಗುವಿಗೆ ಇದರಿಂದ ಒಂದು ಪೈಸೆ ಉಪಯೋಗ ಇಲ್ಲ. ‘206 ಬಂದರೆ ಸಾಕಂತೆ’ ಎಂಬ ಮಾತು ಮನೆಯಲ್ಲಿ ಅವನ ಕಿವಿಗೆ ಬೀಳದಿರಲಿ. ಮೊದಲ ಪರೀಕ್ಷೆಯಲ್ಲಿ 375ಕ್ಕೆ ಸ್ವಲ್ಪ ಕಡಿಮೆ ಬಂದರೆ ಪಾಸಾಗಿದ್ದಾನಲ್ಲ ಅಂತ ಸುಮ್ನೆ ಬಿಡಬೇಡಿ, ಅಂಕ ಹೆಚ್ಚಿಸಿಕೊಳ್ಳಲು ಅದೇ ವರ್ಷ ಮತ್ತೆ ನಡೆಯುವ ಪರೀಕ್ಷೆ-2 ಬರೆಸಿ.

ಮಗಳಿಗೆ ಈಗ ಮಾಡಬೇಕಾದದ್ದು ಇಷ್ಟೇ. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗೆ ಇದ್ದರೆ ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅವಳ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ, ಇದೊಂದು ಆಗದೆ ಮಂಜೂರಾದ ಹಣ ನಿಂತುಹೋಗಿರುವುದು ನಾನು ಬೇಕಾದಷ್ಟು ನೋಡಿದ್ದೇನೆ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪ್ರತಿಯನ್ನು ಅವಳ ಕಾಲೇಜಿನಲ್ಲಿ ಕೊಡಿ. ಕಾಲೇಜಿನವರು ಪರಿಶೀಲಿಸದೆ ಅರ್ಜಿ ಮುಂದೆ ಹೋಗುವುದಿಲ್ಲ. ಬೇರೆ ಸ್ಕಾಲರ್‌ಶಿಪ್ ತೆಗೆದುಕೊಳ್ಳುತ್ತಿದ್ದರೆ ಇದು ಬರುವುದಿಲ್ಲ. ಬಂದ ಮೇಲೂ ಪ್ರತಿ ವರ್ಷ ನವೀಕರಣ ಇದೆ. ಅದಕ್ಕೆ ಶೇಕಡ 50 ಅಂಕ, ಶೇಕಡ 75 ಹಾಜರಿ ಬೇಕು.